ಗುಡ್ಡಕ್ಕೆ ಗಾಡಿ ಹತ್ತುತ್ತಿವೆ, ಊರಿನಿಂದ ಜನ ಇಳಿಯುತ್ತಿದ್ದಾರೆ

ಶನಿವಾರ ಬೆಳಗ್ಗೆ ಏಳು ಗಂಟೆ ಹೊತ್ತಿಗೆ ಚಿಕ್ಕಮಗಳೂರಿನ ಹತ್ತಿರದ ಕೈಮರ ಚೆಕ್‌ಪೋಸ್ಟ್‌ನಲ್ಲಿ ಒಂದರ್ಧ ಗಂಟೆ ನಿಂತು ನೋಡಿ. ಮುಳ್ಳಯ್ಯನಗಿರಿಗೆ, ಬಾಬಾಬುಡನ್‌ಗಿರಿಗೆ ಹೋಗುವ ಹೆಚ್ಚಿನವರು ಇಲ್ಲಿಂದಲೇ ಹತ್ತುವುದು. ಗಾಡಿಗಳಲ್ಲಿ ಬೆಂಗಳೂರು ನಂಬರಿನವೇ ಜಾಸ್ತಿ. ನಡುರಾತ್ರಿ ಹೊರಟು ಬಂದವರ ಕಣ್ಣು ಕೆಂಪಗಿರುತ್ತದೆ, ಹಿಂದಿನ ಸೀಟಿನಲ್ಲಿ ಮಕ್ಕಳು ಇನ್ನೂ ನಿದ್ದೆಯಲ್ಲಿರುತ್ತಾರೆ. 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್‌ನಲ್ಲಿ ಮೊದಲೇ ಹೆಸರು ಬರೆಸಿದ ಗಾಡಿಗಳನ್ನು ಮಾತ್ರ ಮೇಲೆ ಬಿಡುತ್ತಿದ್ದಾರೆ. ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ, ಪಾಳಿಗೆ ಇಷ್ಟೇ ಗಾಡಿ ಅಂತ ಲೆಕ್ಕ. ಇದು ಗೊತ್ತಿಲ್ಲದೆ ಬಂದವರು ಕಿಟಕಿ ಇಳಿಸಿ, "ಸಾರ್, ಇನ್ನೂರೈವತ್ತು ಕಿಲೋಮೀಟರ್ ಬಂದಿದೀವಿ, ಒಂದ್ಸಲ ಬಿಟ್ಬಿಡಿ ಸಾರ್" ಎಂದು ಗೋಗರೆಯುತ್ತಿರುತ್ತಾರೆ.

ಈ ಮಿತಿ ಬೇಕೋ ಬೇಡವೋ ಎಂಬ ಚರ್ಚೆ ಊರಲ್ಲಿ ನಡೆಯುತ್ತಲೇ ಇದೆ. ಬೇಕು ಎನ್ನುವವನು ನಾನು. ಆ ರಸ್ತೆ ನೋಡಿದ ಯಾರಿಗಾದರೂ ಗೊತ್ತು: ಒಂದು ಬಸ್ಸು ಎದುರಾದರೆ ಇನ್ನೊಂದು ಕಾರು ಹಿಂದಕ್ಕೆ ಸರಿಯಬೇಕು, ಸರಿಯಲು ಜಾಗವಿಲ್ಲ, ಪಕ್ಕದಲ್ಲಿ ಕಣಿವೆ. 2022ರಲ್ಲಿ ನೀಲಕುರಿಂಜಿ ಅರಳಿದಾಗ ಹೂ ನೋಡಲು ಹೋದವರು ಹೂವಿಗಿಂತ ಜಾಸ್ತಿ ಹೊತ್ತು ಮುಂದಿನ ಕಾರಿನ ಹಿಂದಿನ ಲೈಟ್ ನೋಡಿಕೊಂಡು ಕೂತಿದ್ದರು. ಆದರೆ ಚರ್ಚೆ ಗಾಡಿ ಎಣಿಸುವುದಕ್ಕೇ ನಿಂತುಬಿಟ್ಟರೆ ಜಿಲ್ಲೆಯ ಇನ್ನೊಂದು ಲೆಕ್ಕ ಕಣ್ಣಿಗೆ ಬೀಳುವುದಿಲ್ಲ.

2001ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905. 2011ರಲ್ಲಿ 11,37,961. ಹತ್ತು ವರ್ಷದಲ್ಲಿ ಸುಮಾರು ಮೂರು ಸಾವಿರ ಜನ ಕಡಿಮೆ. ಮೂರು ಸಾವಿರ ಏನು ಮಹಾ ಅನ್ನಬಹುದು. ಅದೇ ಹತ್ತು ವರ್ಷದಲ್ಲಿ ಇಡೀ ಕರ್ನಾಟಕ ಶೇ 15ಕ್ಕಿಂತ ಜಾಸ್ತಿ ಬೆಳೆದಿತ್ತು, ಬೆಂಗಳೂರು ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಗಿತ್ತು. ರಾಜ್ಯದಲ್ಲಿ ಜನಸಂಖ್ಯೆ ಇಳಿದ ಜಿಲ್ಲೆ ಇದೊಂದೇ. ಇನ್ನೊಂದು ಕಾಫಿ ಜಿಲ್ಲೆಯಾದ ಕೊಡಗು ಕೂಡ ಶೇ 1ರಷ್ಟಾದರೂ ಏರಿತ್ತು. ಮನೆಗೆ ಒಂದೋ ಎರಡೋ ಮಕ್ಕಳು ಎಂಬುದು ಮಲೆನಾಡಿನಲ್ಲಿ ಬೇಗನೇ ಬಂತು, ಅದು ಒಂದು ಕಾರಣ. ಆ ಒಂದೆರಡು ಮಕ್ಕಳೂ ಓದು ಮುಗಿಸಿ ಘಟ್ಟ ಇಳಿದು ಮಂಗಳೂರಿಗೋ, ಬಯಲು ದಾಟಿ ಬೆಂಗಳೂರಿಗೋ ಹೋದರು, ಅದು ಇನ್ನೊಂದು. ಶನಿವಾರ ಬೆಳಗ್ಗೆ ಕೈಮರಕ್ಕೆ ಬರುವ ಬೆಂಗಳೂರು ನಂಬರಿನ ಕೆಲವು ಕಾರುಗಳ ಒಳಗೆ ಇರುವವರು ಇದೇ ಊರಿನ ಮಕ್ಕಳು, ಅಲ್ವಾ?

ಗಾಡಿ ಏರಿದ್ದೂ ಜನ ಇಳಿದದ್ದೂ ಒಂದೇ ಕಥೆಯ ಎರಡು ಕಡೆ ಎಂದು ನನಗೆ ಅನ್ನಿಸುತ್ತದೆ. ಅದು ಅರ್ಥವಾಗಬೇಕಾದರೆ ಮೊದಲು ಇಲ್ಲಿನ ನೆಲ, ಮಳೆ ನೋಡಬೇಕು.

ಹೊರಗಿನವರಿಗೆ ಚಿಕ್ಕಮಗಳೂರು ಅಂದರೆ ಮಂಜು, ಕಾಫಿ, ಹಸಿರು. ಕಡೂರಿನವರ ಹತ್ತಿರ ಹೀಗೆ ಹೇಳಿದರೆ ನಗುತ್ತಾರೆ. ಕಡೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ರಾಗಿ, ಈರುಳ್ಳಿ, ತೆಂಗಿನ ಊರು ಅದು. ಬರಗಾಲದ ತಾಲ್ಲೂಕುಗಳ ಪಟ್ಟಿ ಬಂದಾಗಲೆಲ್ಲ ಕಡೂರಿನ ಹೆಸರು ಇದ್ದೇ ಇರುತ್ತದೆ. ಇದೇ ಜಿಲ್ಲೆಯ ಶೃಂಗೇರಿಯಲ್ಲಿ ಮಳೆ 3,000 ಮಿ.ಮೀ. ದಾಟುತ್ತದೆ. ಅಂದರೆ ಐದು ಪಟ್ಟಿಗೂ ಜಾಸ್ತಿ. ಕಡೂರಿನಲ್ಲಿ ಟ್ಯಾಂಕರ್ ನೀರಿಗೆ ಕೊಡ ಇಟ್ಟು ಕಾಯುತ್ತಿರುವ ಹೊತ್ತಿಗೇ ಕೊಟ್ಟಿಗೆಹಾರದಲ್ಲಿ ಬಟ್ಟೆ ಒಣಗಲಿಲ್ಲ ಎಂದು ಬೈದುಕೊಳ್ಳುತ್ತಿರುತ್ತಾರೆ. ಜಿಲ್ಲೆಯ ಹೆಸರೇ ಸ್ವಾತಂತ್ರ್ಯ ಬರುವ ತನಕ ಕಡೂರು ಜಿಲ್ಲೆ ಎಂದಿತ್ತು ಎಂಬುದು ಈಗಿನ ಪ್ರವಾಸಿಗರಿರಲಿ, ಊರಿನ ಹುಡುಗರಿಗೂ ಗೊತ್ತಿಲ್ಲ.

ಕಾರಣ ಗುಡ್ಡಗಳೇ. ಅರಬ್ಬೀ ಸಮುದ್ರದ ಮೋಡ ಪಶ್ಚಿಮಘಟ್ಟದ ಗೋಡೆಗೆ ಬಂದು ಬಡಿದು ಮೇಲೇರುತ್ತದೆ. ಕುದುರೆಮುಖ, ಶೃಂಗೇರಿ, ಕಳಸ, ಕೊಪ್ಪದ ಕಡೆ ಸುರಿಯಬೇಕಾದ್ದನ್ನೆಲ್ಲ ಸುರಿದುಬಿಡುತ್ತದೆ. ಉಳಿದ ಸ್ವಲ್ಪ ಮೋಡ ಒಳಗೆ ಬಂದರೆ ಚಂದ್ರದ್ರೋಣ ಬೆಟ್ಟಸಾಲು ಎರಡನೇ ಗೋಡೆಯ ಹಾಗೆ ನಿಂತಿದೆ. ಮೇಲಿನಿಂದ ನೋಡಿದರೆ ಕುದುರೆ ಲಾಳದ ಆಕಾರ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇರುವುದು ಇದೇ ಸಾಲಿನಲ್ಲಿ, ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರ ಇಲ್ಲ. ಲಾಳದ ಒಳಗೆ ಜಾಗರ ಕಣಿವೆ. ಅಲ್ಲಿನ ನೀರು ಮುತ್ತೋಡಿ ಕಾಡಿನ ಮೂಲಕ ಭದ್ರೆ ಸೇರುತ್ತದೆ. ಈ ಎರಡು ಗೋಡೆ ದಾಟಿ ಕಡೂರು, ಅಜ್ಜಂಪುರಕ್ಕೆ ಬರುವ ಹೊತ್ತಿಗೆ ಮೋಡದಲ್ಲಿ ಗಾಳಿ ಬಿಟ್ಟರೆ ಹೆಚ್ಚೇನೂ ಉಳಿದಿರುವುದಿಲ್ಲ.

ಹಿಂದಿನವರು ಇದಕ್ಕೆ ಕಂಡುಕೊಂಡ ಉಪಾಯ ನೋಡಬೇಕಾದರೆ ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಗೆ ಹೋಗಬೇಕು. ಗಿರಿಯ ಪೂರ್ವದ ಇಳಿಜಾರಿನಿಂದ ಬರುವ ಹಳ್ಳಕ್ಕೆ ಗುಡ್ಡಗಳ ನಡುವೆ ಏರಿ ಕಟ್ಟಿ ಮಾಡಿದ ಕೆರೆ ಅದು. ಏರಿಯ ಮೇಲೆ ನಿಂತರೆ ಒಂದು ಕಡೆ ಶಂಕುವಿನಂಥ ಗುಡ್ಡದ ನೆರಳು ಬಿದ್ದ ನೀರು, ಇನ್ನೊಂದು ಕಡೆ ಕೆಳಗೆ ತೆಂಗು, ಅಡಿಕೆ, ಗದ್ದೆ. ಅದರಾಚೆ ಕಣ್ಣು ಹಾಯಿಸಿದರೆ ಒಣ ಬಯಲು. ಗುಡ್ಡದ ಮಳೆಯನ್ನು ಬಯಲು ಹೇಗೆ ಬಳಸಿಕೊಂಡಿತು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ನಕ್ಷೆಯೂ ತೋರಿಸುವುದಿಲ್ಲ. ಇಲ್ಲಿಂದ ಹೊರಡುವುದು ವೇದಾ, ಪಕ್ಕದ ಮದಗದಕೆರೆಯ ಕಡೆಯಿಂದ ಬರುವುದು ಅವತಿ. ಕಡೂರಿನ ಹತ್ತಿರ ಎರಡೂ ಸೇರಿ ವೇದಾವತಿಯಾಗಿ ಚಿತ್ರದುರ್ಗದ ಕಡೆ ಹರಿಯುತ್ತವೆ, ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ ತುಂಬಿಸುತ್ತವೆ.

ಜಿಲ್ಲೆಯ ನದಿಗಳ ಪಟ್ಟಿಯೇ ಹೀಗಿದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಕುದುರೆಮುಖ ಸೀಮೆಯ ಗಂಗಾಮೂಲದ ಕಡೆ ಹುಟ್ಟುತ್ತವೆ ಎನ್ನುತ್ತಾರೆ. ಹೇಮಾವತಿ ಹುಟ್ಟುವುದು ಮೂಡಿಗೆರೆ ಸೀಮೆಯ ಜಾವಳಿಯಲ್ಲಿ. ಹುಟ್ಟಿದ್ದು ಇಲ್ಲಿ, ಬಾಳಿದ್ದು ಬೇರೆ ಜಿಲ್ಲೆಯಲ್ಲಿ. ಈಗ ನಡೆಯುತ್ತಿರುವ ಭದ್ರಾ ಮೇಲ್ದಂಡೆ ಯೋಜನೆಯೂ ಅದೇ ಹಳೆಯ ಉಪಾಯದ ದೊಡ್ಡ ರೂಪ: ತುಂಗೆಯಿಂದ 17.40 ಟಿಎಂಸಿ ನೀರನ್ನು ಭದ್ರೆಗೆ ಎತ್ತಿ, ಒಟ್ಟು 29.90 ಟಿಎಂಸಿಯನ್ನು ಅಜ್ಜಂಪುರದ ಸುರಂಗದ ಮೂಲಕ ಬಯಲಿಗೆ ಹರಿಸುವುದು. 2023ರ ಕೇಂದ್ರ ಬಜೆಟ್‌ನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ದುಡ್ಡು ಬಂದಿಲ್ಲ ಎಂದು ರಾಜ್ಯ ಸರ್ಕಾರ ಅಂದಿನಿಂದಲೂ ದೂರುತ್ತಲೇ ಇದೆ. ತರೀಕೆರೆ, ಕಡೂರಿನ ರೈತರು ಅಲ್ಲಿಯವರೆಗೆ ಬೋರ್‌ವೆಲ್ ಕೊರೆಸುತ್ತಾ ಇದ್ದಾರೆ.

ಇನ್ನು ಕಾಫಿ. ಹದಿನೇಳನೇ ಶತಮಾನದಲ್ಲಿ ಬಾಬಾಬುಡನ್ ಎಂಬ ಸೂಫಿ ಸಂತ ಯೆಮನ್‌ನ ಮೋಕಾದಿಂದ ಏಳು ಬೀಜ ತಂದು ಈ ಗಿರಿಯಲ್ಲಿ ನೆಟ್ಟ ಎಂಬ ಕಥೆ ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ಎಳೆಯುವುದಿಲ್ಲ. ತೋಟಗಳಾಗಿ ಹಬ್ಬಿದ್ದು ಬ್ರಿಟಿಷರ ಕಾಲದಲ್ಲಿ. ಭಾರತದ ಕಾಫಿಯಲ್ಲಿ ಹೆಚ್ಚುಕಡಿಮೆ ಶೇ 70 ಕರ್ನಾಟಕದ್ದು. ಅದರಲ್ಲಿ ಕೊಡಗು ರೊಬಸ್ಟಾ ಜಾತಿಯ ಕಾಫಿಯ ಜಿಲ್ಲೆಯಾದರೆ, ಚಿಕ್ಕಮಗಳೂರಿನ ಹೆಸರು ಅರೇಬಿಕಾ ಜಾತಿಯ ಮೇಲೆ ನಿಂತಿದೆ. 2019ರಲ್ಲಿ ದೇಶದ ಐದು ಕಾಫಿಗಳಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಎರಡು ಈ ಜಿಲ್ಲೆಗೇ ಬಂದವು: ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ.

ಬೆಲೆ? ಇಷ್ಟು ಬೆಲೆಯನ್ನು ಅಜ್ಜಂದಿರೂ ನೋಡಿರಲಿಲ್ಲ. ಬ್ರೆಜಿಲ್‌ನಲ್ಲಿ ಬರ, ಅದಕ್ಕೂ ಮೊದಲು ವಿಯೆಟ್ನಾಂನಲ್ಲಿ ಬರ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡ್‌ಗೆ 4 ಡಾಲರ್ ದಾಟಿತು; 1977ರ ದಾಖಲೆ ಅದಕ್ಕೂ ಮೊದಲೇ, 2024ರ ಡಿಸೆಂಬರ್‌ನಲ್ಲಿ, ಮುರಿದಿತ್ತು. ಇಲ್ಲಿ 50 ಕೆ.ಜಿ. ಚೀಲದ ಅರೇಬಿಕಾ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಬೀಜ) 25,000 ರೂಪಾಯಿ ಮೇಲೆ ಹೋಯಿತು. ಐದಾರು ವರ್ಷ ಹಿಂದೆ ಅದರ ಅರ್ಧವೂ ಸಿಗುತ್ತಿರಲಿಲ್ಲ. ಹೊಸ ಕಾರು ಬಂತು, ಮನೆಗೆ ಟೈಲ್ಸ್ ಬಂತು, ಹಳೆಯ ಸಾಲ ತೀರಿತು. ಸಂತೋಷವೇ.

ಆದರೆ ಬೆಲೆ ಏರಿದ ಮಾತ್ರಕ್ಕೆ ಹಣ್ಣು ತಾನಾಗಿ ಗಿಡದಿಂದ ಇಳಿದು ಕಣಕ್ಕೆ ಬರುವುದಿಲ್ಲ. ಒಂದು ಚೀಲ ಪಾರ್ಚ್‌ಮೆಂಟ್ ಆಗಬೇಕಾದರೆ ಸುಮಾರು ಇನ್ನೂರೈವತ್ತು ಕೆ.ಜಿ. ಹಣ್ಣು ಕೈಯಲ್ಲೇ ಬಿಡಿಸಬೇಕು. ಅರೇಬಿಕಾ ಎಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ. ಕೆಂಪಾದದ್ದನ್ನು ಮಾತ್ರ ಆರಿಸಿ, ಹಸಿರು ಬಿಟ್ಟು, ಹತ್ತು ಹದಿನೈದು ದಿನ ಬಿಟ್ಟು ಮತ್ತೆ ಅದೇ ಗಿಡಕ್ಕೆ ಬರಬೇಕು. ಬ್ರೆಜಿಲ್‌ನ ಬಯಲಿನಲ್ಲಿ ಯಂತ್ರ ಓಡಿಸಿ ಕೊಯ್ದ ಹಾಗೆ ಇಲ್ಲಿ ಆಗದು. ಇಲ್ಲಿ ಇಳಿಜಾರು, ಮೇಲೆ ನೆರಳಿನ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಕೊಯ್ಲು ಮುಗಿದರೆ ಕೆಲಸ ಮುಗಿಯಿತೇ? ಮರಗಸಿ ಮಾಡಬೇಕು, ಅಂದರೆ ನೆರಳಿನ ಮರದ ಕೊಂಬೆ ಕಡಿಯಬೇಕು, ಚಿಗುರು ತೆಗೆಯಬೇಕು, ಕಳೆ ಹೊಡೆಯಬೇಕು, ಗೊಬ್ಬರ ಹಾಕಬೇಕು. ಮರಗಸಿಗೆ ಮರ ಹತ್ತುವವರು ಎಷ್ಟು ಕಡಿಮೆಯಾಗಿದ್ದಾರೆ ಎಂದರೆ, ಒಳ್ಳೆಯ ಮರಗಸಿಯವನ ಫೋನ್ ನಂಬರನ್ನು ಒಂದು ತೋಟದವರು ಇನ್ನೊಂದು ತೋಟದವರಿಗೆ ಕೊಡುವುದಿಲ್ಲ. ಉತ್ಪ್ರೇಕ್ಷೆಯಲ್ಲ, ನನಗೇ ಆಗಿದೆ.

ಹಿಂದೆ ಕೆಲಸಕ್ಕೆ ಕೆಳಗಿನಿಂದ ಘಟ್ಟ ಹತ್ತಿ ಬರುತ್ತಿದ್ದರು, ದಕ್ಷಿಣ ಕನ್ನಡದವರು, ತಮಿಳುನಾಡಿನವರು. ತೋಟದಲ್ಲಿ ಕೆಲಸದವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲೇ ಸಂಸಾರ, ಅಲ್ಲೇ ಮಕ್ಕಳು. ಅವರ ಮೊಮ್ಮಕ್ಕಳು ಈಗ ಓದಿ ಬೇರೆ ಕೆಲಸ ಹಿಡಿದಿದ್ದಾರೆ. ಹಿಡಿಯಲೇಬೇಕು, ತೋಟದ ಲೈನಿನಲ್ಲಿ ಮೂರು ತಲೆಮಾರು ಇರುವುದು ಹೆಮ್ಮೆಯ ವಿಷಯವೇನಲ್ಲ. ಆ ಜಾಗಕ್ಕೆ ಅಸ್ಸಾಂನವರು, ಜಾರ್ಖಂಡ್‌ನವರು, ಒಡಿಶಾದವರು ಬಂದಿದ್ದಾರೆ. ಕೊಯ್ಲಿನ ಹೊತ್ತಿನಲ್ಲಿ ಭಾನುವಾರ ಮೂಡಿಗೆರೆ, ಆಲ್ದೂರಿನ ಅಂಗಡಿಗಳಲ್ಲಿ ಕನ್ನಡದಷ್ಟೇ ಹಿಂದಿ, ಅಸ್ಸಾಮಿ ಮಾತು ಕಿವಿಗೆ ಬೀಳುತ್ತದೆ. ಅಂಗಡಿಯವರು ಅವರಿಗೆ ಬೇಕಾದ ಸಾಸಿವೆ ಎಣ್ಣೆ ತಂದಿಟ್ಟುಕೊಂಡಿದ್ದಾರೆ. ತಮ್ಮ ಊರಿನಲ್ಲಿ ಹಬ್ಬ, ಚುನಾವಣೆ ಬಂತೆಂದರೆ ಅವರೆಲ್ಲ ಒಮ್ಮೆಗೇ ರೈಲು ಹತ್ತುತ್ತಾರೆ, ಇಲ್ಲಿ ಹಣ್ಣು ಗಿಡದಲ್ಲೇ ಒಣಗುತ್ತದೆ. ಕೆಳಗೆ ಉದುರಿದ ಕಾಯಿಯಲ್ಲಿ ಕಾಯಿಕೊರಕ ಮೊಟ್ಟೆ ಇಡುತ್ತದೆ, ಮುಂದಿನ ವರ್ಷದ ಫಸಲಿಗೂ ಅಲ್ಲೇ ಪೆಟ್ಟು.

ದೇಶದ ಕಾಫಿ ಬೆಳೆಗಾರರಲ್ಲಿ ಶೇ 98ಕ್ಕಿಂತ ಜಾಸ್ತಿ ಜನ ಸಣ್ಣ ಹಿಡುವಳಿದಾರರು. ಕಾಫಿ ತೋಟ ಅಂದ ಕೂಡಲೇ ಬಂಗಲೆ, ಜೀಪು, ನಾಯಿ ಎಂದು ಸಿನಿಮಾದವರು ತೋರಿಸುತ್ತಾರಲ್ಲ, ಅದು ಬೆರಳೆಣಿಕೆಯವರದ್ದು. ನಾಲ್ಕೈದು ಎಕರೆಯವನಿಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಇರುವುದಿಲ್ಲ. ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರ್ರಿ ಮಾಡಿ ಮಾರುತ್ತಾನೆ. ಎರಡು ವಾರ ಬಿಸಿಲು ಬೇಕು. 2021ರ ಜನವರಿ ಮೊದಲ ವಾರ ಏನಾಯಿತು ಎಂಬುದು ಇಲ್ಲಿನವರಿಗೆ ನೆನಪಿದೆ. ಯಾರೂ ನಿರೀಕ್ಷಿಸದ ಮಳೆ ಬಂತು. ಕಣದಲ್ಲಿ ಹರಡಿದ್ದ ಹಣ್ಣನ್ನು ರಾತ್ರೋರಾತ್ರಿ ಟಾರ್ಪಾಲಿನ ಕೆಳಗೆ ಗುಡ್ಡೆ ಹಾಕಿದೆವು. ಎರಡು ದಿನ ಬಿಟ್ಟು ತೆಗೆದಾಗ ಬಂದ ಹುಳಿ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಅದು ಸಾಲದೆಂಬಂತೆ ಆ ಮಳೆಗೆ ಗಿಡಗಳಲ್ಲಿ ಹೂವೂ ಅರಳಿಬಿಟ್ಟಿತು. ಒಂದೇ ಕೊಂಬೆಯಲ್ಲಿ ಕೊಯ್ಯದ ಹಣ್ಣು, ಬಿಳಿ ಹೂವು. ಫೋಟೋ ತೆಗೆಯುವವರಿಗೆ ಚೆಂದ, ಕೊಯ್ಯಲು ಹೋದರೆ ಹೂವು ಉದುರುತ್ತದೆ, ಬಿಟ್ಟರೆ ಹಣ್ಣು ಉದುರುತ್ತದೆ.

ಕಾಫಿಗೆ ಮಳೆ ಬೇಕಾದ ದಿನ ಬೇರೆ. ಫೆಬ್ರವರಿ, ಮಾರ್ಚಿನ ಹೊತ್ತಿಗೆ ಒಂದು ಇಂಚು ಹೂಮಳೆ ಬರಬೇಕು. ಅದಾಗಿ ಮೂರು ವಾರದ ಒಳಗೆ ಕಾಯಿ ಕಚ್ಚಲು ಇನ್ನೊಂದು ಮಳೆ. ಅದನ್ನು ನಂಬಿಕೊಂಡು ಕೂರುವವರು ಈಗ ಕಡಿಮೆ. ಕೆರೆ ಇದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ, ಇಲ್ಲದವರು ಆಕಾಶ ನೋಡುತ್ತಾರೆ. ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟ ಬೇರೆ. ಬಿಸಿಲು ಜಾಸ್ತಿಯಾದಷ್ಟೂ ಅದಕ್ಕೆ ಸುಗ್ಗಿ. ಹೀಗಾಗಿ ಅರೇಬಿಕಾ ಕಿತ್ತು ರೊಬಸ್ಟಾ ಹಾಕುವವರು ಹೆಚ್ಚುತ್ತಿದ್ದಾರೆ. ಕೊಯ್ಲಿಗೂ ಅದೇ ಸುಲಭ, ಒಂದೇ ಸಲಕ್ಕೆ ಉದುರಿಸಿಕೊಳ್ಳಬಹುದು. ಹೆಸರು ತಂದುಕೊಟ್ಟದ್ದು ಅರೇಬಿಕಾ, ಲೆಕ್ಕ ಗೆಲ್ಲುತ್ತಿರುವುದು ರೊಬಸ್ಟಾ.

ಅಡಿಕೆಯದ್ದು ಇನ್ನೂ ವಿಚಿತ್ರ. ಶೃಂಗೇರಿ, ಕೊಪ್ಪದ ಕಣಿವೆಗಳಲ್ಲಿ ಅಡಿಕೆ ತಲೆತಲಾಂತರದ ಬೆಳೆ. ಅಲ್ಲಿ ದಶಕಗಳಿಂದ ಹಳದಿ ಎಲೆ ರೋಗ. ಔಷಧಿ ಇಲ್ಲ, ಮರ ನಿಧಾನಕ್ಕೆ ಸೊರಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ, ಕಳಸದ ಕಡೆ ತೋಟಕ್ಕೆ ತೋಟವೇ ಬೆಂಕಿ ತಗುಲಿದ ಹಾಗೆ ಕಂಡದ್ದಿದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವ ಗೊನೆಗಾರರು ಸಿಗುವುದಿಲ್ಲ. ಹೀಗೆ ಅಡಿಕೆ ಹುಟ್ಟಿದ ಮನೆಯಲ್ಲಿ ಸಾಯುತ್ತಿರುವಾಗ, 600 ಮಿ.ಮೀ. ಮಳೆಯ ಕಡೂರಿನಲ್ಲಿ, ತರೀಕೆರೆಯಲ್ಲಿ, ಬೋರ್‌ವೆಲ್ ನೀರಿನಲ್ಲಿ ಹೊಸ ಅಡಿಕೆ ತೋಟ ಎದ್ದು ನಿಂತಿದೆ. ರೋಗ ಕಡಿಮೆ, ಇಳುವರಿ ಜಾಸ್ತಿ, ನೆಲ ಸಮತಟ್ಟು. ಬೋರು ಬತ್ತುವ ತನಕ ಲಾಭ. ಆಮೇಲೆ ಏನು ಎಂದು ಕೇಳಿದರೆ ಭದ್ರಾ ಮೇಲ್ದಂಡೆ ಬರುತ್ತಲ್ಲ ಎನ್ನುತ್ತಾರೆ.

ಜನ ಇಳಿದ ಲೆಕ್ಕದಲ್ಲಿ ಕುದುರೆಮುಖವನ್ನೂ ಸೇರಿಸಬೇಕು. 1976ರಲ್ಲಿ ಶುರುವಾದ ಸರ್ಕಾರಿ ಕಬ್ಬಿಣದ ಅದಿರು ಕಂಪನಿ, ಘಟ್ಟದ ಮೇಲೊಂದು ಪೂರ್ತಿ ಟೌನ್‌ಶಿಪ್, ಶಾಲೆ, ಆಸ್ಪತ್ರೆ, ಮಂಗಳೂರಿನ ತನಕ ಕೊಳವೆಯಲ್ಲಿ ಅದಿರು. ಸುತ್ತ ರಾಷ್ಟ್ರೀಯ ಉದ್ಯಾನ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಭದ್ರೆಯ ನೀರಿಗೆ, ಕಾಡಿಗೆ ಅದು ಒಳ್ಳೆಯದೇ ಆಯಿತು. ಆದರೆ ಕಳಸದಿಂದ ಕುದುರೆಮುಖದ ಕಡೆ ಹೋದರೆ ಇವತ್ತಿಗೂ ಬಾಗಿಲಿಲ್ಲದ ಕ್ವಾರ್ಟರ್ಸ್ ಸಾಲು, ಗೋಡೆಗೆ ಪಾಚಿ, ನಡುವೆ ಎದ್ದ ಗಿಡ ಕಾಣುತ್ತವೆ. ಗಣಿ ಮುಚ್ಚಿದ ಮೇಲೆ ಆ ಜಾಗಕ್ಕೆ ಬೇರೆ ಉದ್ಯೋಗ ಬರಲಿಲ್ಲ. ಬಂದದ್ದು ಚಾರಣದವರು.

ಅದಾದ ಮೇಲೆ ಹೆದರಿಕೆಗಳು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆಯ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡವೇ ಮನೆಗಳ ಮೇಲೆ ಇಳಿಯಿತು. ಚಾರ್ಮಾಡಿ ಘಾಟಿಯೂ ಬಂದ್ ಆಯಿತು. ಮನೆ, ತೋಟ ಕಳೆದುಕೊಂಡವರು ಬದಲಿ ಜಾಗಕ್ಕೆ ವರ್ಷಗಟ್ಟಲೆ ಕಚೇರಿ ಅಲೆದರು. ಆನೆಗಳು ಕಾಡಿನಿಂದ ತೋಟಕ್ಕೆ ಬಂದು ಹೋಗುವುದಲ್ಲ, ಈಗ ತೋಟದಲ್ಲೇ ಇರುತ್ತವೆ; ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ಆನೆ ಎಲ್ಲಿದೆ ಎಂದು ವಾಟ್ಸ್‌ಆ್ಯಪ್ ಗ್ರೂಪ್ ನೋಡುವುದು ಅಭ್ಯಾಸವಾಗಿದೆ. ಜಾಗದ ಕಾಗದ ಸರಿಯಿಲ್ಲದವರು ಸಾವಿರಾರು: ಯಾವುದು ಒತ್ತುವರಿ, ಯಾವುದು ಡೀಮ್ಡ್ ಅರಣ್ಯ (ಕಾಡೆಂದೇ ಪರಿಗಣಿಸಿದ ಜಾಗ), ಯಾವುದು ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಬೆಟ್ಟ) ಎಂಬ ಜಗಳ ಮಗನಿಗೆ ಅಪ್ಪನಿಂದ ಬರುವ ಆಸ್ತಿ. 2024ರ ಜುಲೈನಲ್ಲಿ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಯಾವುದೆಂದು ಗುರುತಿಸುವ ಕೇಂದ್ರದ ಆರನೇ ಕರಡು ಅಧಿಸೂಚನೆ ಬಂತು, ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಅದನ್ನು ತಳ್ಳಿಹಾಕಿತು. ಹತ್ತು ವರ್ಷದಲ್ಲಿ ಆರು ಕರಡು. ಹಳ್ಳಿಯಲ್ಲಿ ಒಬ್ಬರಿಗೂ ಅದರಲ್ಲಿ ಏನಿದೆ ಎಂದು ಕೂರಿಸಿ ಹೇಳಿದವರಿಲ್ಲ. ಹೇಳದೇ ಇದ್ದರೆ ಹೆದರಿಕೆಯೇ ಹಬ್ಬುವುದು ಸಹಜ. ಇಷ್ಟರ ಮೇಲೆ ರಾತ್ರಿ ಎದೆನೋವು ಬಂದರೆ ಶೃಂಗೇರಿಯವರು ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಓಡಬೇಕು. ನೂರು ಹಾಸಿಗೆಯ ಆಸ್ಪತ್ರೆ ಕೊಡಿ ಎಂದು ಅಲ್ಲಿನವರು ಬೀದಿಗಿಳಿದದ್ದು ಸುಮ್ನೆ ಅಲ್ಲ.

ಇಂಥ ಜಾಗದಲ್ಲಿ ಪ್ರವಾಸೋದ್ಯಮ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕಾಫಿ ಬೆಲೆ ಪಾತಾಳಕ್ಕೆ ಹೋಗಿದ್ದ ವರ್ಷಗಳಲ್ಲಿ ಎಷ್ಟೋ ಸಣ್ಣ ತೋಟಗಳನ್ನು ಉಳಿಸಿದ್ದು ಹೋಂಸ್ಟೇ. ಎರಡು ರೂಮು, ಒಂದು ಬಿಸಿನೀರಿನ ಹಂಡೆ, ಮನೆಯ ಹೆಂಗಸರ ಕೈ ಅಡುಗೆ: ಅಕ್ಕಿ ರೊಟ್ಟಿ, ಕಡುಬು, ಮಳೆಗಾಲವಾದರೆ ಕಳಲೆ ಪಲ್ಯ, ಪತ್ರೊಡೆ. ಅದರ ದುಡ್ಡು ನೇರ ಆ ಹೆಂಗಸರ ಕೈಗೆ ಬಂತು. ತೋಟದ ದುಡ್ಡು ಹಾಗೆ ಬಂದದ್ದು ಕಡಿಮೆ. ನನ್ನ ತಕರಾರು ಬೇರೆ. ಇಷ್ಟು ವೈವಿಧ್ಯದ ಜಿಲ್ಲೆಗೆ ಬರುವವರಲ್ಲಿ ಹೆಚ್ಚಿನವರು ಒಂದೇ ರಸ್ತೆಗೆ, ಒಂದೇ ಗುಡ್ಡಕ್ಕೆ, ಒಂದೇ ದಿನಕ್ಕೆ ಬರುತ್ತಾರೆ.

ಶೃಂಗೇರಿ, ಹೊರನಾಡಿಗೆ ಭಕ್ತರ ದಾರಿ ಮೊದಲಿನಿಂದಲೂ ಇದೆ, ಅದು ತನ್ನ ಪಾಡಿಗೆ ನಡೆಯುತ್ತದೆ. ಶೃಂಗೇರಿಯ ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿಕಂಬಗಳನ್ನು ನಿಂತು ನೋಡುವವರು ಕಡಿಮೆ, ಮೀನಿಗೆ ಮಂಡಕ್ಕಿ ಹಾಕುವವರು ಜಾಸ್ತಿ. ಇರಲಿ. ಆದರೆ ಬೇಲೂರು, ಹಳೇಬೀಡು ನೋಡಿ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹೊಯ್ಸಳರ ಶಿಲ್ಪ ಎಂದು ಬೆರಗಾಗುವವರು, ಹಳೇಬೀಡಿನಿಂದ ಹೆಚ್ಚು ದೂರವಿಲ್ಲದ ಬೆಳವಾಡಿಗೆ ಬರುವುದಿಲ್ಲ. ಮೂರು ಗರ್ಭಗುಡಿಯ ಆ ವೀರನಾರಾಯಣನ ಮುಂದೆ ಅನೇಕ ಸಲ ನಾನು, ಅರ್ಚಕರು, ಒಂದು ನಾಯಿ, ಇಷ್ಟೇ. ತರೀಕೆರೆ ಹತ್ತಿರ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಸ್ಥಾನ ತೆಂಗಿನ ತೋಟಗಳ ನಡುವೆ ಒಂಟಿಯಾಗಿ ನಿಂತಿದೆ. ಹೊಯ್ಸಳರ ಮೂಲಸ್ಥಾನ ಎನ್ನುವ ಸೊಸೆವೂರು, ಅಂದರೆ ಈಗಿನ ಅಂಗಡಿ, ಮೂಡಿಗೆರೆ ತಾಲ್ಲೂಕಿನಲ್ಲೇ ಇದೆ. ಸಳ ಹುಲಿ ಹೊಡೆದ ಕಥೆಯ ಜಾಗ. ಅಯ್ಯನಕೆರೆಯ ಮಾತು ಆಗಲೇ ಹೇಳಿದೆ. ಇವುಗಳಲ್ಲಿ ಹೆಚ್ಚಿನವು ಇರುವ ಕಡೆ ರಸ್ತೆ ಅಗಲ, ಗುಡ್ಡ ಕುಸಿಯುವ ಭಯವಿಲ್ಲ, ಬಯಲಿನ ಊರುಗಳಿಗೆ ದುಡ್ಡಿನ ಅಗತ್ಯವೂ ಜಾಸ್ತಿ. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲೂ ಬಂತು. ಆದರೂ ಕಾರುಗಳು ಕಡೂರು ದಾಟಿ ಸೀದಾ ಕೈಮರಕ್ಕೆ.

ಯಾಕೆ ಹೀಗೆ? ರೀಲ್ಸ್ ಎಂದು ಬೈದು ಮುಗಿಸುವುದು ಸುಲಭ. ನಿಜವಾದ ಕಾರಣ ಇಲ್ಲಿನ ವ್ಯವಸ್ಥೆಯಲ್ಲೂ ಇದೆ. ಬೆಳವಾಡಿಯಲ್ಲಿ ಉಳಿಯಲು ಜಾಗವಿಲ್ಲ, ಅಮೃತಾಪುರದಲ್ಲಿ ಒಂದು ಲೋಟ ಕಾಫಿ ಸಿಗಬೇಕಾದರೆ ಹುಡುಕಬೇಕು. ಕಾಫಿ ಜಿಲ್ಲೆಯಲ್ಲಿ! ಕೊಟ್ಟಿಗೆಹಾರವನ್ನೇ ನೋಡಿ. ಅಲ್ಲಿ ನೋಡಲು ಏನೂ ಇಲ್ಲ, ಒಂದು ಸರ್ಕಲ್ ಮತ್ತು ಮಳೆ. ಆದರೂ ಘಾಟಿ ಹತ್ತಿ ಬರುವವರು, ಇಳಿಯುವವರು ಎಲ್ಲ ಗಾಡಿ ನಿಲ್ಲಿಸಿ ನೀರ್ ದೋಸೆ ತಿಂದೇ ಹೋಗುತ್ತಾರೆ. ಒಂದೊಂದು ಹೋಟೆಲಿನಿಂದ ಎಷ್ಟು ಮನೆಯ ಒಲೆ ಉರಿಯುತ್ತದೆ ಲೆಕ್ಕ ಹಾಕಿ. ಗಿರಿಯ ಮೇಲೆ ಗಾಡಿಗೆ ಮಿತಿ ಹಾಕಿದವರು, ವಾಪಸ್ ಕಳಿಸಿದ ಕಾರಿನವನಿಗೆ ಇವತ್ತು ಇಂಥ ಕಡೆ ಹೋಗಿ, ಅಲ್ಲಿ ಇಂಥದ್ದಿದೆ ಎಂದು ಒಂದು ಚೀಟಿಯನ್ನಾದರೂ ಕೈಗೆ ಕೊಡಬಹುದಿತ್ತು. ಬುಕಿಂಗ್ ಪುಟದಲ್ಲಿ ಜಾಗ ಭರ್ತಿಯಾಗಿದೆ ಎಂದು ತೋರಿಸುವ ಜಾಗದಲ್ಲೇ ಅಯ್ಯನಕೆರೆಯ ದಾರಿ ತೋರಿಸಿದರೆ ಖರ್ಚೇನೂ ಇಲ್ಲ.

ಇನ್ನೊಂದು ವಿಷಯ ಹೋಂಸ್ಟೇಗಳಲ್ಲೇ ಬದಲಾಗುತ್ತಿದೆ. ಮನೆಯವರು ತಾವಿದ್ದ ಮನೆಯ ಎರಡು ರೂಮು ಕೊಡುವುದು ಹೋಂಸ್ಟೇ. ಹೊರಗಿನವರು ತೋಟ ಕೊಂಡು, ಗುಡ್ಡ ಜೆಸಿಬಿಯಲ್ಲಿ ಕಡಿದು, ಮೂವತ್ತು ರೂಮು, ಈಜುಕೊಳ ಕಟ್ಟಿ ಅದಕ್ಕೂ ಹೋಂಸ್ಟೇ ಎಂದು ಬೋರ್ಡ್ ಹಾಕಿದರೆ ಅದು ಬೇರೆಯೇ ವ್ಯಾಪಾರ. ಅಲ್ಲಿ ಮನೆಯವರೂ ಇಲ್ಲ, ಊರಿನವರೂ ಇಲ್ಲ. ಕಡಿದ ಗುಡ್ಡ ಮಾತ್ರ ಊರಿನದ್ದು, ಆಗಸ್ಟ್‌ನಲ್ಲಿ ಕುಸಿದರೆ ಕೆಳಗಿರುವುದು ಊರಿನವರ ಗದ್ದೆ.

2027ರಲ್ಲಿ ಜನಗಣತಿ ನಡೆಯಲಿದೆ. ಆಗ ಜಿಲ್ಲೆಯ ಸಂಖ್ಯೆ ಏನಾಗಿದೆ ಎಂದು ನೋಡುವ ಕುತೂಹಲ ನನಗಿದೆ. ಏರಿದ್ದರೂ ಆಶ್ಚರ್ಯವಿಲ್ಲ. ಅಸ್ಸಾಂನ ಕುಟುಂಬಗಳು ಕೆಲವು ತೋಟಗಳಲ್ಲಿ ಈಗ ವರ್ಷಪೂರ್ತಿ ಇರುತ್ತವೆ, ಅವರ ಮಕ್ಕಳು ಸರ್ಕಾರಿ ಶಾಲೆಯಲ್ಲಿ ನಮ್ಮ ಮಕ್ಕಳಿಗಿಂತ ಚೆನ್ನಾಗಿ ಕನ್ನಡ ಓದುತ್ತಾರೆ. ಅವರೂ ಊರಿನವರೇ ಎಂದು ಎಣಿಸುತ್ತೇವೋ ಇಲ್ಲವೋ ಎಂಬುದರ ಮೇಲೂ ಲೆಕ್ಕ ನಿಂತಿದೆ.

ಆಲ್ದೂರಿನ ಕಡೆ ನನ್ನ ಸ್ನೇಹಿತರೊಬ್ಬರಿದ್ದಾರೆ, ಹನ್ನೆರಡು ಎಕರೆ ತೋಟ. ಮಗ ಬೆಂಗಳೂರಿನಲ್ಲಿ, ಮಗಳು ಇನ್ನೂ ದೂರ. ಮೂರು ವರ್ಷದ ಹಿಂದೆ ಖಾಲಿ ಬಿದ್ದಿದ್ದ ಲೈನ್ ಮನೆಯನ್ನು ದುರಸ್ತಿ ಮಾಡಿಸಿದರು. ಹೆಂಚು ಹಾಗೇ ಉಳಿಸಿ, ಒಳಗೆ ಬಾತ್‌ರೂಮ್ ಕಟ್ಟಿಸಿ, ಜಗಲಿಗೆ ಕೆಂಪು ಕಾವಿ ಹಾಕಿಸಿ, ನಾಲ್ಕು ರೂಮಿನ ಹೋಂಸ್ಟೇ ಮಾಡಿದರು. ಚೆನ್ನಾಗಿಯೇ ನಡೆಯುತ್ತಿದೆ. ಬಂದವರು ಆ ಜಗಲಿಯ ಮೇಲೆ ಕೂತು ಕಾಫಿ ಕುಡಿಯುವ ಫೋಟೋ ಹಾಕುತ್ತಾರೆ. ಹೋದ ಜನವರಿಯಲ್ಲಿ ನಾನು ಹೋದಾಗ ಕೊಯ್ಲಿನ ಹೊತ್ತು, ರೊಬಸ್ಟಾ ಗಿಡಗಳು ಭಾರಕ್ಕೆ ಬಾಗಿದ್ದವು. ಇಬ್ಬರೂ ಕಣದ ಪಕ್ಕ ನಿಂತಿದ್ದಾಗ ಮೇಸ್ತ್ರಿಯ ಫೋನ್ ಬಂತು. ಸ್ಪೀಕರ್ ಹಾಕಿದರು.

"ಸಾವ್ಕಾರ್ರೆ, ಇಪ್ಪತ್ತು ಜನ ಸಿಕ್ಕವ್ರೆ. ನಾಳೆಯಿಂದ್ಲೇ ಬರ್ತಾರಂತೆ. ಆದ್ರೆ ಇರಕ್ಕೆ ಮನೆ ಕೊಡ್ತೀರಾ ಅಂತ ಕೇಳ್ತಾವ್ರೆ."

ಅವರು ಜಗಲಿಯ ಕಡೆ ನೋಡಿದರು. ಅಲ್ಲಿ ಯಾರೋ ಇಬ್ಬರು ಹುಡುಗರು ಉಯ್ಯಾಲೆಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಿದ್ದರು, ಸೋಮವಾರದವರೆಗೆ ಬುಕಿಂಗ್.

"ಪಕ್ಕದ ತೋಟದಲ್ಲಿ ಲೈನ್ ಖಾಲಿ ಇದೆಯಾ ಕೇಳು," ಎಂದರು.

"ಅದೂ ಹೋಂಸ್ಟೇ ಆಗೈತೆ, ಸಾವ್ಕಾರ್ರೆ."